ಪೈಥಾನ್: ಇಂಪೋರ್ಟ್ ಆದಮೇಲೂ ಡಿಕ್ಷನರಿ ಖಾಲಿ, ಅದೇ ಕ್ಲಾಸನ್ನು ಅದೇ ಕ್ಲಾಸ್ ಅಲ್ಲ ಅನ್ನುತ್ತಿದೆ

ಪ್ರಶ್ನೆ

ಎರಡು ರಾತ್ರಿ ನಿದ್ದೆಗೆಟ್ಟಿದ್ದೇನೆ, ಇನ್ನು ಕೇಳದೆ ಗತಿಯಿಲ್ಲ. ಪೈಥಾನ್ 3.12. ಪ್ರೋಗ್ರಾಮೇನೂ ದೊಡ್ಡದಲ್ಲ, ಎರಡೇ ಫೈಲು. ತಾಪಮಾನದ ಸೆನ್ಸರ್‌ಗಳು ಬರೆದಿಟ್ಟ ಲಾಗ್ ಓದಿ ದಿನದ ಗರಿಷ್ಠ, ಕನಿಷ್ಠ ತೆಗೆದುಕೊಡಬೇಕು, ಅಷ್ಟೆ. ಲಾಗ್ ಮೂರು ಬಗೆಯಲ್ಲಿ ಬರುತ್ತದೆ: ಸಿಎಸ್‌ವಿ, ಜೇಸನ್, ಮತ್ತೆ ಹಳೇ ಲಾಗರ್ ಒಂದು ಉಗುಳುವ ಟೆಕ್ಸ್ಟ್. ಈ ಮೂರನೆಯದರಲ್ಲಿ ಕಾಮಾನೂ ಇಲ್ಲ, ಟ್ಯಾಬೂ ಇಲ್ಲ. 12ನೇ ಅಕ್ಷರದಿಂದ 17ನೇ ಅಕ್ಷರದವರೆಗೆ ತಾಪಮಾನ ಅಂತ ಬೆರಳು ಮಡಚಿ ಎಣಿಸಿಕೊಂಡೇ ಓದಬೇಕು.

ಬಗೆಗೊಂದು ಫಂಕ್ಷನ್ ಬರೆದು ಒಂದು ಡಿಕ್ಷನರಿಗೆ (ಹೆಸರು ಕೊಟ್ಟರೆ ಅದಕ್ಕೆ ಸೇರಿದ ವಸ್ತು ಕೊಡುವ ಪಟ್ಟಿ) ನೋಂದಾಯಿಸಿಬಿಟ್ಟರೆ, ನಾಳೆ ನಾಲ್ಕನೇ ಬಗೆ ಬಂದಾಗ ಮೇನ್ ಫೈಲನ್ನು ಮುಟ್ಟದೆ ಸೇರಿಸಬಹುದು ಅಂತ ಲೆಕ್ಕ ಹಾಕಿದ್ದೆ. ಕೋಡನ್ನು ಬಾಯಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಸ್ವಲ್ಪ ಸಹಿಸಿಕೊಳ್ಳಿ.

ಮೇನ್.ಪೈ:

    ಇಂಪೋರ್ಟ್ ರೀಡರ್ಸ್
    ಪ್ರಿಂಟ್("ಮೇನ್ ಶುರು")
    ಹ್ಯಾಂಡ್ಲರ್ಸ್ = {}
    ಡೆಫ್ ರಿಜಿಸ್ಟರ್(ಬಗೆ): ...
    ಕ್ಲಾಸ್ ರೀಡಿಂಗ್: ...
    ಕ್ಲಾಸ್ ದಿನಸಾರ: ...
    ಇಫ್ __ನೇಮ್__ == "__ಮೇನ್__":
        ಪ್ರಿಂಟ್(ಲೆನ್(ಹ್ಯಾಂಡ್ಲರ್ಸ್))

ರೀಡರ್ಸ್.ಪೈ:

    ಫ್ರಮ್ ಮೇನ್ ಇಂಪೋರ್ಟ್ ರಿಜಿಸ್ಟರ್, ರೀಡಿಂಗ್, ಹ್ಯಾಂಡ್ಲರ್ಸ್
    ಕೆಟ್ಟ_ಸಾಲು = 0
    @ರಿಜಿಸ್ಟರ್("ಸಿಎಸ್‌ವಿ")
    ಡೆಫ್ ಸಿಎಸ್‌ವಿ_ಓದು(ಫೈಲು): ...
    (ಹೀಗೇ ಇನ್ನೆರಡು)
    ಪ್ರಿಂಟ್(ಲೆನ್(ಹ್ಯಾಂಡ್ಲರ್ಸ್))

ಮೇನ್.ಪೈ ಓಡಿಸಿದರೆ ತೆರೆಯ ಮೇಲೆ ಬರುವುದು ಇಷ್ಟು:

    ಮೇನ್ ಶುರು
    3
    ಮೇನ್ ಶುರು
    0

"ಮೇನ್ ಶುರು" ಅಂತ ನಾನು ಬರೆದಿರುವುದು ಒಂದೇ ಸಲ, ಬರುತ್ತಿರುವುದು ಎರಡು ಸಲ. ರೀಡರ್ಸ್‌ನ ಕೊನೇ ಸಾಲಿನಲ್ಲಿ 3 ಇದ್ದದ್ದು ಮೇನ್‌ಗೆ ವಾಪಸು ಬರುವಷ್ಟರಲ್ಲಿ 0. ಓಹೋ, ಮೇನ್ ಎರಡನೇ ಸಲ ಓಡುವಾಗ ಡಿಕ್ಷನರಿ ಅಳಿಸಿಹೋಗುತ್ತಿದೆ ಅಂದುಕೊಂಡೆ. "ಹ್ಯಾಂಡ್ಲರ್ಸ್ ಅನ್ನುವ ಹೆಸರು ಈಗಾಗಲೇ ಇದ್ದರೆ ಹೊಸದು ಮಾಡಬೇಡ" ಅಂತ ಗ್ಲೋಬಲ್ಸ್ (ಫೈಲಿನ ಮೇಲ್ಮಟ್ಟದ ಹೆಸರುಗಳ ಪಟ್ಟಿ) ನೋಡಿ ಒಂದು ಷರತ್ತು ಹಾಕಿದೆ. ಆದರೂ 0. ಅಂದರೆ ಅಳಿಸಿಹೋಗುತ್ತಿಲ್ಲ, ಮೊದಲಿನಿಂದಲೂ ಇರಲೇ ಇಲ್ಲ ಅನ್ನುವ ಹಾಗೆ.

ಡಿಕ್ಷನರಿ ಹಾಳಾಗಲಿ ಅಂತ ಸಿಎಸ್‌ವಿ_ಓದು ಫಂಕ್ಷನ್ನನ್ನು ಮೇನ್‌ನಿಂದ ನೇರವಾಗಿ ಕರೆದೆ. ರೀಡಿಂಗ್‌ಗಳ ಪಟ್ಟಿ ಸರಿಯಾಗಿಯೇ ಬಂತು. ಆದರೆ ಅದರ ಮೊದಲನೆಯದನ್ನು ಹಿಡಿದು ಇಸ್‌ಇನ್‌ಸ್ಟೆನ್ಸ್ ಹಾಕಿ "ಇದು ರೀಡಿಂಗಾ?" ಅಂದರೆ ಫಾಲ್ಸ್ ಅನ್ನುತ್ತದೆ! ಟೈಪ್ ಪ್ರಿಂಟ್ ಮಾಡಿದರೆ ಸ್ಪಷ್ಟವಾಗಿ ಮೇನ್.ರೀಡಿಂಗ್ ಅಂತಲೇ ಇದೆ. ನನ್ನ ಇಡೀ ಪ್ರಾಜೆಕ್ಟಿನಲ್ಲಿ ರೀಡಿಂಗ್ ಅನ್ನುವ ಕ್ಲಾಸ್ ಇರುವುದೇ ಒಂದು.

ಹೊಟ್ಟೆ ಉರಿಸುವ ವಿಷಯ ಇನ್ನೂ ಇದೆ. ಟೆಸ್ಟ್ ಪಾಸಾಗುತ್ತದೆ. ಟೆಸ್ಟ್ ಫೈಲಿನಲ್ಲಿ ಇಂಪೋರ್ಟ್ ರೀಡರ್ಸ್, ಅದರ ಕೆಳಗೆ ಇಂಪೋರ್ಟ್ ಮೇನ್, ಆಮೇಲೆ ಮೇನ್.ಹ್ಯಾಂಡ್ಲರ್ಸ್‌ನಲ್ಲಿ 3 ಇರಲೇಬೇಕು ಅನ್ನುವ ಅಸರ್ಟ್. ಹಸಿರು ಟಿಕ್ ಹೊಡೆದುಕೊಂಡು ಕೂತಿದೆ.

ಕೊನೆಗೆ ಒಂದು ಚಿಲ್ಲರೆ ಪ್ರಶ್ನೆ. ಮೇನ್‌ನಲ್ಲಿ ಕೊನೆಯ ಇಫ್ ಒಳಗೆ, ಓದಲು ಶುರುಮಾಡುವ ಮುಂಚೆ, ಫ್ರಮ್ ರೀಡರ್ಸ್ ಇಂಪೋರ್ಟ್ ಕೆಟ್ಟ_ಸಾಲು ಅಂತ ಹಾಕಿ, ಎಲ್ಲ ಓದಿ ಮುಗಿದ ಮೇಲೆ ಪ್ರಿಂಟ್ ಮಾಡಿದರೆ ಯಾವತ್ತೂ 0. ಫೈಲಿನಲ್ಲಿ ನಾನೇ ಬೇಕಂತ ಏಳು ಸಾಲು ಕೆಡಿಸಿಟ್ಟಿದ್ದೇನೆ. ಇದೂ ಅದೇ ರೋಗವಾ, ಬೇರೆಯದಾ?

ಮೊದಲ ಉತ್ತರ

ಇಂಪೋರ್ಟ್ ಮಾಡಿದಾಗ ಫೈಲಿನ ಕೋಡ್ ಪೂರ್ತಿ ಓಡುತ್ತದೆ, ಅದಕ್ಕೇ ಎರಡು ಸಲ ಪ್ರಿಂಟ್ ಆಗ್ತಿದೆ. ಇಫ್ __ನೇಮ್__ ಗಾರ್ಡ್ (ಫೈಲನ್ನು ನೇರವಾಗಿ ಓಡಿಸಿದಾಗ ಮಾತ್ರ ಓಡುವ ಭಾಗ) ಹಾಕಿ, ಸರಿಹೋಗುತ್ತೆ.

ಪ್ರಶ್ನೆ ಕೇಳಿದವನು

ಗಾರ್ಡ್ ಆಗಲೇ ಇದೆ, ಮೇನ್.ಪೈ ಕೊನೆಯ ಎರಡು ಸಾಲು ನೋಡಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು. ಬೇಜಾರು ಮಾಡ್ಕೋಬೇಡಿ, ನಿದ್ದೆ ಇಲ್ಲ.

ಎರಡನೇ ಉತ್ತರ

ಗಾರ್ಡ್ ಇರುವುದು ಒಳ್ಳೆಯದೇ, ಆದರೆ ಈ ರೋಗಕ್ಕೆ ಅದು ಮದ್ದಲ್ಲ. ಗಾರ್ಡ್ ತಡೆಯುವುದು ತನ್ನೊಳಗಿನ ಸಾಲುಗಳನ್ನು ಮಾತ್ರ. ಹ್ಯಾಂಡ್ಲರ್ಸ್, ರಿಜಿಸ್ಟರ್, ರೀಡಿಂಗ್ ಎಲ್ಲ ಅದರ ಹೊರಗೇ ಇವೆಯಲ್ಲ. ಡೆಫ್, ಕ್ಲಾಸ್ ಇವೂ ಪೈಥಾನ್‌ನಲ್ಲಿ ಓಡುವ ಹೇಳಿಕೆಗಳೇ. ಆ ಸಾಲಿಗೆ ಬಂದಾಗಲೇ ಫಂಕ್ಷನ್, ಕ್ಲಾಸ್ ಹುಟ್ಟುವುದು, ಎರಡು ಸಲ ಬಂದರೆ ಎರಡು ಹುಟ್ಟುತ್ತವೆ.

ನಿಮ್ಮ ಪ್ರೋಗ್ರಾಮಿನಲ್ಲಿ ರೀಡಿಂಗ್ ಕ್ಲಾಸ್ ಒಂದಲ್ಲ, ಎರಡು. ಹ್ಯಾಂಡ್ಲರ್ಸ್ ಕೂಡ ಎರಡು. ಮೇನ್.ಪೈ ಫೈಲು ಒಂದೇ, ಆದರೆ ಅದರಿಂದ ಹುಟ್ಟಿದ ಮಾಡ್ಯೂಲು (ಫೈಲನ್ನು ಲೋಡ್ ಮಾಡಿದಾಗ ಮೆಮೊರಿಯಲ್ಲಿ ಹುಟ್ಟುವ ವಸ್ತು) ಎರಡು. ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿಲ್ಲ.

ಹೇಗೆ ಅಂದರೆ, ಸಿಸ್.ಮಾಡ್ಯೂಲ್ಸ್ ಅಂತ ಒಂದು ಡಿಕ್ಷನರಿ ಇದೆ. ಅದನ್ನು ಹಾಜರಿ ಪುಸ್ತಕ ಅಂದುಕೊಳ್ಳಿ. ಇಂಪೋರ್ಟ್ ಅಂದಾಗಲೆಲ್ಲ ಪೈಥಾನ್ ಮೊದಲು ಅಲ್ಲಿ ಹೆಸರು ಹುಡುಕುತ್ತದೆ. ಇದ್ದರೆ ಫೈಲಿನ ಹತ್ತಿರವೇ ಸುಳಿಯುವುದಿಲ್ಲ, ಇರುವುದನ್ನೇ ಕೈಗಿಡುತ್ತದೆ. ಇಲ್ಲದಿದ್ದರೆ ಫೈಲು ಹುಡುಕಿ, ಖಾಲಿ ಮಾಡ್ಯೂಲ್ ಒಂದನ್ನು ಮಾಡಿ, ಪುಸ್ತಕದಲ್ಲಿ ಹೆಸರು ಬರೆದು, ಆಮೇಲೆ ಫೈಲಿನ ಸಾಲುಗಳನ್ನು ಓಡಿಸುತ್ತದೆ. "ಮೊದಲು ಹೆಸರು, ಆಮೇಲೆ ಸಾಲು" ಅನ್ನುವ ಈ ಕ್ರಮ ನೆನಪಿಡಿ, ಮುಂದೆ ಬೇಕಾಗುತ್ತದೆ. ಆ ಪುಸ್ತಕದಲ್ಲಿ ಗುರುತು ಅಂದರೆ ಹೆಸರು, ಫೈಲಿನ ಜಾಗ ಅಲ್ಲ.

ನೀವು ಪೈಥಾನ್ ಮೇನ್.ಪೈ ಅಂತ ಓಡಿಸಿದಾಗ ಆ ಫೈಲಿನ ಹೆಸರು ಪುಸ್ತಕಕ್ಕೆ ಹೋಗುವುದು "ಮೇನ್" ಅಂತಲ್ಲ, "__ಮೇನ್__" ಅಂತ. ಫೈಲಿನ ಹೆಸರು ಪಾರ್ಸರ್ ಇರಲಿ, ಪರದೆ ಇರಲಿ, ಓಡಿಸಿದ ಫೈಲಿಗೆ ಯಾವಾಗಲೂ ಇದೇ ಹೆಸರು. ಡ್ಯಾಶ್ ಎಂ ಹಾಕಿ (ಫೈಲಿನ ಬದಲು ಮಾಡ್ಯೂಲಿನ ಹೆಸರು ಕೊಟ್ಟು) ಓಡಿಸಿದರೂ ಇದು ಬದಲಾಗುವುದಿಲ್ಲ. ಈಗ ರೀಡರ್ಸ್ ಬಂದು "ಮೇನ್ ಕೊಡಿ" ಅನ್ನುತ್ತದೆ. ಪುಸ್ತಕದಲ್ಲಿ __ಮೇನ್__ ಇದೆ, ಮೇನ್ ಇಲ್ಲ. ಪೈಥಾನ್ ಪ್ರಾಮಾಣಿಕವಾಗಿ ಹೋಗಿ ಮೇನ್.ಪೈ ಹುಡುಕಿ ಇನ್ನೊಂದು ಸಲ ಓಡಿಸಿ, "ಮೇನ್" ಹೆಸರಿನಲ್ಲಿ ಬೇರೆಯದೇ ಮಾಡ್ಯೂಲ್ ಮಾಡಿಕೊಡುತ್ತದೆ. ಒಬ್ಬನೇ ಆಸಾಮಿ ಎರಡು ಹೆಸರಿನಲ್ಲಿ ಎರಡು ಹಾಜರಿ ಹಾಕಿಸಿಕೊಂಡ ಹಾಗೆ.

ನಿಮ್ಮ ನಾಲ್ಕು ಸಾಲಿನ ಔಟ್‌ಪುಟ್ ಈಗ ಓದಿ. ಮೊದಲು ಬರುವ "ಮೇನ್ ಶುರು" ನಿಮ್ಮ ಮುಖ್ಯ ಪ್ರೋಗ್ರಾಮಿನದಲ್ಲ, ಅದು ಎರಡನೇ ಪ್ರತಿಯದು! ಏಕೆಂದರೆ ಮುಖ್ಯ ಪ್ರತಿ ತನ್ನ ಮೊದಲ ಸಾಲಾದ ಇಂಪೋರ್ಟ್ ರೀಡರ್ಸ್‌ನಲ್ಲೇ ನಿಂತಿದೆ. 3 ಅನ್ನುವುದು ಎರಡನೇ ಪ್ರತಿಯ ಡಿಕ್ಷನರಿ. ಅಲ್ಲಿಂದ ವಾಪಸಾದ ಮೇಲೆ ಮುಖ್ಯ ಪ್ರತಿ ಕಣ್ಣುಬಿಟ್ಟು "ಮೇನ್ ಶುರು" ಅಂದು, ತನ್ನದೇ ಹೊಸ ಖಾಲಿ ಡಿಕ್ಷನರಿ ಮಾಡಿಕೊಂಡು 0 ಅನ್ನುತ್ತದೆ. ನೀವು ಹಾಕಿದ ಗ್ಲೋಬಲ್ಸ್ ಷರತ್ತು ಕೆಲಸ ಮಾಡದ್ದೂ ಇದಕ್ಕೇ. ಎರಡು ಮಾಡ್ಯೂಲಿಗೆ ಎರಡು ಬೇರೆ ಗ್ಲೋಬಲ್ಸ್. ಆ ಷರತ್ತು ಹಾಕಿ ನೋಡಿದ್ದು ಒಳ್ಳೆಯ ಪರೀಕ್ಷೆ, "ಮೊದಲಿನಿಂದಲೂ ಇರಲೇ ಇಲ್ಲ" ಅಂತ ನೀವೇ ಬರೆದದ್ದು ನೂರಕ್ಕೆ ನೂರು ನಿಜ.

ಇಸ್‌ಇನ್‌ಸ್ಟೆನ್ಸ್ ಕಥೆಯೂ ಅದೇ. ರೀಡರ್ಸ್ ಮಾಡಿಕೊಟ್ಟದ್ದು ಮೇನ್.ರೀಡಿಂಗ್. ನೀವು ಹೋಲಿಸುತ್ತಿರುವುದು __ಮೇನ್__.ರೀಡಿಂಗ್ ಜೊತೆ. ಮೇನ್‌ನೊಳಗೆ ನಿಂತು ಪ್ರಿಂಟ್(ರೀಡಿಂಗ್) ಅಂತ ಕೂಡ ಹಾಕಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಒಂದು ಕಡೆ ಮಾತ್ರ ಪ್ರಿಂಟ್ ಮಾಡಿ ಮೋಸಹೋಗಿದ್ದೀರಿ. ಅಂದಹಾಗೆ ಫಾಲ್ಸ್ ಬಂದದ್ದು ನಿಮ್ಮ ಪುಣ್ಯ. ಮೇನ್‌ನಲ್ಲಿ ಸ್ವಂತ ಎಕ್ಸೆಪ್ಶನ್ (ಏನಾದರೂ ತಪ್ಪಾದಾಗ ಎಸೆಯುವ ಸೂಚನೆ) ಕ್ಲಾಸ್ ಬರೆದು, ರೀಡರ್ಸ್ ಅದನ್ನು ಎಸೆದು, ಮೇನ್ ಹಿಡಿಯಲು ಕೂತಿದ್ದರೆ, ಕಣ್ಣೆದುರಿಗೇ ಅದೇ ಹೆಸರಿನ ಎಕ್ಸೆಪ್ಟ್ ಸಾಲಿದ್ದರೂ ಹಿಡಿಯದೆ ಪ್ರೋಗ್ರಾಮ್ ಬಿದ್ದುಹೋಗುತ್ತದೆ. ನಾನು ಕೈ ಸುಟ್ಟುಕೊಂಡದ್ದು ಅಲ್ಲೇ, ಅರ್ಧ ದಿನ.

ನನ್ನ ಮಾತು ನಂಬಬೇಡಿ, ನೋಡಿ. ಮೇನ್.ಪೈನಲ್ಲಿ ಇಂಪೋರ್ಟ್ ರೀಡರ್ಸ್ ಸಾಲಿನ ಕೆಳಗೆ ಪ್ರಿಂಟ್(__ನೇಮ್__) ಹಾಕಿ. ಹ್ಯಾಂಡ್ಲರ್ಸ್ = {} ಕೆಳಗೆ ಪ್ರಿಂಟ್(ಐಡಿ(ಹ್ಯಾಂಡ್ಲರ್ಸ್)) ಹಾಕಿ, ಐಡಿ ಅಂದರೆ ಆ ವಸ್ತುವಿನ ಗುರುತಿನ ಸಂಖ್ಯೆ. ಆಮೇಲೆ ಗಾರ್ಡ್ ಒಳಗೆ ಸಿಸ್.ಮಾಡ್ಯೂಲ್ಸ್ ಪೂರ್ತಿ ಸುತ್ತಿ, ಯಾವ ಯಾವ ಮಾಡ್ಯೂಲಿನ __ಫೈಲ್__ ಮೇನ್.ಪೈ ಅಂತ ಮುಗಿಯುತ್ತದೋ ಅವುಗಳ ಹೆಸರು ಪ್ರಿಂಟ್ ಮಾಡಿ. 3.9ಕ್ಕಿಂತ ಹಳೆಯದರಲ್ಲಿ __ಮೇನ್__ನ __ಫೈಲ್__ ಪೂರ್ಣ ಪಾಥ್ ಆಗಿರದೆ ನೀವು ಟೈಪ್ ಮಾಡಿದಷ್ಟೇ ಇರಬಹುದು, ನಿಮ್ಮದು 3.12 ಆದ್ದರಿಂದ ಆ ತೊಂದರೆ ಇಲ್ಲ.

ಕೆಟ್ಟ_ಸಾಲು ಬೇರೆ ರೋಗ. ಬೇರೆಯವರು ಹೇಳಲಿ, ನನಗೆ ಈಗ ಹೊತ್ತಾಯಿತು.

ಪ್ರಶ್ನೆ ಕೇಳಿದವನು

ನೋಡಿದೆ. ಮೊದಲು "ಮೇನ್", ಆಮೇಲೆ "__ಮೇನ್__", ಐಡಿ ಎರಡೂ ಬೇರೆ ಬೇರೆ. ಸಿಸ್.ಮಾಡ್ಯೂಲ್ಸ್‌ನಲ್ಲಿ ಎರಡು ಹೆಸರು, ಒಂದೇ ಫೈಲು. ಮುಖ್ಯ ಪ್ರೋಗ್ರಾಮ್ ಎರಡನೆಯದಾಗಿ ಮಾತಾಡುತ್ತಿದೆ ಅನ್ನುವುದು ನನ್ನ ತಲೆಗೆ ಸುತರಾಂ ಹೊಳೆದಿರಲಿಲ್ಲ.

ಹಾಗಾದರೆ ಮೇನ್ ಅನ್ನು ಓಡಿಸಲೇಬಾರದು, ಇಂಪೋರ್ಟ್ ಮಾತ್ರ ಮಾಡಬೇಕು ಅಂದುಕೊಂಡೆ. ಗಾರ್ಡ್ ಒಳಗಿದ್ದದ್ದನ್ನು ಶುರುಮಾಡು ಅನ್ನುವ ಫಂಕ್ಷನ್ನಿಗೆ ಹಾಕಿ, ರನ್.ಪೈ ಅಂತ ಎರಡು ಸಾಲಿನ ಹೊಸ ಫೈಲು ಮಾಡಿದೆ: ಇಂಪೋರ್ಟ್ ಮೇನ್, ಮೇನ್.ಶುರುಮಾಡು(). ಈಗ ಮೇನ್ ಒಂದೇ ಹೆಸರಿನಲ್ಲಿ ಒಂದೇ ಸಲ ಬರಬೇಕಲ್ಲ?

ಬಂದದ್ದು ಇಂಪೋರ್ಟ್‌ಎರರ್. ಅರ್ಧಂಬರ್ಧ ತಯಾರಾದ ಮೇನ್ ಮಾಡ್ಯೂಲಿನಿಂದ ರಿಜಿಸ್ಟರ್ ಅನ್ನುವ ಹೆಸರು ತೆಗೆಯಲಾಗಲಿಲ್ಲ, ಬಹುಶಃ ಸರ್ಕ್ಯುಲರ್ ಇಂಪೋರ್ಟ್ ಇರಬೇಕು ಅನ್ನುತ್ತಿದೆ. ಮೊದಲು ತಪ್ಪು ಉತ್ತರವಾದರೂ ಓಡುತ್ತಿತ್ತು, ಈಗ ಓಡುವುದೂ ಇಲ್ಲ. ರೀಡರ್ಸ್‌ನಲ್ಲಿ ಒಂದಕ್ಷರ ಬದಲಿಸಿಲ್ಲ, ದೇವರಾಣೆ.

ಎರಡನೇ ಉತ್ತರ ಬರೆದವರು

ಓಡುತ್ತಿಲ್ಲ ಅಂತ ಖುಷಿಪಡಿ. ಇದು ಹೊಸ ತಪ್ಪಲ್ಲ. ಮೇನ್ ರೀಡರ್ಸ್ ಅನ್ನು ಕೇಳುತ್ತದೆ, ರೀಡರ್ಸ್ ಮೇನ್ ಅನ್ನು ಕೇಳುತ್ತದೆ. ಈ ಸುತ್ತು ಮೊದಲ ದಿನದಿಂದ ಇತ್ತು. ಎರಡು ಸಲ ಲೋಡ್ ಆಗುತ್ತಿದ್ದದ್ದೇ ಅದನ್ನು ಮುಚ್ಚಿಟ್ಟಿತ್ತು.

ಮೊದಲು ಏನಾಗುತ್ತಿತ್ತು ನೋಡಿ. __ಮೇನ್__ ರೀಡರ್ಸ್ ಕೇಳಿತು. ರೀಡರ್ಸ್ ಮೇನ್ ಕೇಳಿತು. ಪುಸ್ತಕದಲ್ಲಿ ಮೇನ್ ಇಲ್ಲ, ಹಾಗಾಗಿ ಹೊಸ ಪ್ರತಿ ಶುರುವಾಯಿತು. ಆ ಹೊಸ ಪ್ರತಿಯ ಮೊದಲ ಸಾಲು ಮತ್ತೆ ಇಂಪೋರ್ಟ್ ರೀಡರ್ಸ್. ರೀಡರ್ಸ್ ಪುಸ್ತಕದಲ್ಲಿ ಆಗಲೇ ಇದೆ (ಮೊದಲು ಹೆಸರು, ಆಮೇಲೆ ಸಾಲು ಅಂದೆನಲ್ಲ), ಒಳಗೆ ಏನೂ ಇಲ್ಲದಿದ್ದರೂ. ಬರೀ ಇಂಪೋರ್ಟ್ ರೀಡರ್ಸ್ ಅನ್ನುವುದಕ್ಕೆ ಅಷ್ಟು ಸಾಕು, ಅದು ಒಳಗೆ ಕೈಹಾಕಿ ಏನನ್ನೂ ಕೇಳುವುದಿಲ್ಲ. ಹೊಸ ಪ್ರತಿ ತೊಂದರೆಯಿಲ್ಲದೆ ಕೊನೆಯವರೆಗೂ ಓಡಿತು, ರಿಜಿಸ್ಟರ್ ಹುಟ್ಟಿತು, ರೀಡರ್ಸ್‌ಗೆ ಸಿಕ್ಕಿತು.

ಈಗ ರನ್.ಪೈ ನೇರವಾಗಿ ಮೇನ್ ಕೇಳುತ್ತದೆ. ಪುಸ್ತಕದಲ್ಲಿ "ಮೇನ್" ಬರೆದಾಯಿತು, ಮೊದಲ ಸಾಲು ಇಂಪೋರ್ಟ್ ರೀಡರ್ಸ್. ರೀಡರ್ಸ್ ಬಂದು ಮೇನ್ ಕೇಳಿದರೆ ಈ ಸಲ ಪುಸ್ತಕದಲ್ಲಿ ಇದೆ. ಆದರೆ ಅದು ಒಂದೂ ಸಾಲು ದಾಟದ, ರಿಜಿಸ್ಟರ್ ಇನ್ನೂ ಹುಟ್ಟದ ಮೇನ್. ಫ್ರಮ್ ಬೇರೆ ಬಳಸಿದ್ದೀರಿ, ಅದಕ್ಕೆ ಹೆಸರು ಆ ಕ್ಷಣದಲ್ಲೇ ಬೇಕು. ಬಿತ್ತು.

ಟೆಸ್ಟ್ ಪಾಸಾಗುತ್ತಿದ್ದದ್ದು ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ನಿಮ್ಮ ಟೆಸ್ಟ್ ಮೊದಲು ರೀಡರ್ಸ್ ಕೇಳುತ್ತದೆ, ಆಮೇಲೆ ಮೇನ್. ಆ ಎರಡು ಸಾಲನ್ನು ಅದಲು ಬದಲು ಮಾಡಿ ಓಡಿಸಿ ನೋಡಿ. ಇಂಪೋರ್ಟ್‌ಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸುವ ಉಪಕರಣಗಳಿವೆಯಲ್ಲ, ಅಂಥದ್ದೊಂದನ್ನು ನೀವು ಹಾಕಿಕೊಂಡಿದ್ದರೆ ಇಂಗ್ಲಿಷಿನ ಎಂ ಬಂದು ಆರ್‌ಗಿಂತ ಮುಂದೆ ಕೂತು ಈ ಟೆಸ್ಟ್ ಎಂದೋ ಕೆಂಪಾಗುತ್ತಿತ್ತು. ಎರಡು ರಾತ್ರಿ ಉಳಿಯುತ್ತಿತ್ತು.

ಪರಿಹಾರ ಅಂತ ಮೂರು ದಾರಿ ಜನ ಹೇಳುತ್ತಾರೆ. ಇಂಪೋರ್ಟ್ ರೀಡರ್ಸ್ ಸಾಲನ್ನು ಮೇನ್.ಪೈ ಕೆಳಗೆ, ಕ್ಲಾಸ್‌ಗಳೆಲ್ಲ ಮುಗಿದ ಮೇಲೆ ಇಡುವುದು ಒಂದು. ರನ್.ಪೈ ಜೊತೆ ಇದು ಓಡುತ್ತದೆ, ಯಾರಾದರೂ ಮತ್ತೆ ಮೇಲಕ್ಕೆ ಎತ್ತಿಡುವವರೆಗೆ. ಇನ್ನೊಂದು, ಸಿಸ್.ಮಾಡ್ಯೂಲ್ಸ್‌ಗೇ ಕೈಹಾಕಿ "ಮೇನ್" ಅಂದರೂ __ಮೇನ್__ ಕೊಡು ಅಂತ ಬರೆದುಬಿಡುವುದು. ಇದನ್ನು ಮಾಡಬೇಡಿ. ಮಾಡಿದರೂ ರೀಡರ್ಸ್ ಸಾಲು ಮೇಲಿದ್ದರೆ ಇದೇ ಎರರ್ ಬರುತ್ತದೆ, ಮತ್ತೆ ಆರು ತಿಂಗಳ ಮೇಲೆ ಆ ಸಾಲು ಯಾಕಿದೆ ಅಂತ ನಿಮಗೇ ನೆನಪಿರುವುದಿಲ್ಲ.

ನಾನು ಮಾಡುವುದು ಮೂರನೆಯದು. ಇಬ್ಬರಿಗೂ ಬೇಕಾದದ್ದನ್ನು ಇಬ್ಬರ ಮನೆಯಿಂದಲೂ ಹೊರಗಿಡಿ. ರಿಜಿಸ್ಟ್ರಿ.ಪೈ ಅಂತ ಮಾಡಿ, ಹ್ಯಾಂಡ್ಲರ್ಸ್, ರಿಜಿಸ್ಟರ್, ರೀಡಿಂಗ್ ಮೂರನ್ನೂ ಅಲ್ಲಿಗೆ ಸಾಗಿಸಿ. ಅದು ಮೇನ್ ಅನ್ನಾಗಲೀ ರೀಡರ್ಸ್ ಅನ್ನಾಗಲೀ ಇಂಪೋರ್ಟ್ ಮಾಡಬಾರದು. ಮೇನ್ ಮತ್ತು ರೀಡರ್ಸ್ ಎರಡೂ ಅಲ್ಲಿಂದ ತರಿಸಿಕೊಳ್ಳಲಿ. ಆಗ ರೀಡರ್ಸ್‌ಗೆ ಮೇನ್ ಹಂಗೇ ಬೇಡ. ಯಾವ ಫೈಲನ್ನು ಓಡಿಸಿದರೂ, ಯಾವ ಕ್ರಮದಲ್ಲಿ ಕೇಳಿದರೂ ಡಿಕ್ಷನರಿ ಒಂದೇ. ರನ್.ಪೈ ಇರಲಿ, ಅದು ಒಳ್ಳೆಯ ಅಭ್ಯಾಸ. ಓಡಿಸುವ ಫೈಲಿನಲ್ಲಿ ಬೇರೆಯವರು ಇಂಪೋರ್ಟ್ ಮಾಡಬೇಕಾದಂಥ ಏನೂ ಇರಬಾರದು. ಪ್ಯಾಕೇಜ್‌ಗಳಲ್ಲಿ __ಮೇನ್__.ಪೈ ಅಂತ ಪುಟ್ಟ ಫೈಲೊಂದು ಪ್ರತ್ಯೇಕವಾಗಿ ಇರುವುದು ನೋಡಿರುತ್ತೀರಿ, ಅದರಲ್ಲಿ ಸಾಮಾನ್ಯವಾಗಿ ಕೆಲವೇ ಸಾಲು ಇರುವುದಕ್ಕೆ ಇದೂ ಒಂದು ಕಾರಣ.

ಮೂರನೇ ಉತ್ತರ

ಕೆಟ್ಟ_ಸಾಲು ನನಗೆ ಬಿಡಿ. (ಪೈಥಾನ್ 3ರಲ್ಲಿ ವೇರಿಯಬಲ್ಲಿಗೆ ಕನ್ನಡ ಹೆಸರಿಟ್ಟರೆ ನಿಜವಾಗಿಯೂ ಓಡುತ್ತದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. ನಿಮ್ಮದು ಬಾಯಲ್ಲಿ ಓದುವ ಅನುಕೂಲಕ್ಕೋ, ನಿಜವಾಗಿಯೋ?)

ಫ್ರಮ್ ರೀಡರ್ಸ್ ಇಂಪೋರ್ಟ್ ಕೆಟ್ಟ_ಸಾಲು ಅಂದರೆ, ಆ ಹೊತ್ತಿನಲ್ಲಿ ರೀಡರ್ಸ್‌ನ ಕೆಟ್ಟ_ಸಾಲು ಅನ್ನುವ ಚೀಟಿ ಯಾವ ವಸ್ತುವಿಗೆ ಅಂಟಿದೆಯೋ, ಅದೇ ವಸ್ತುವಿಗೆ ಮೇನ್‌ನಲ್ಲೂ ಇನ್ನೊಂದು ಚೀಟಿ ಅಂಟಿಸುವುದು. ಆ ಹೊತ್ತಿನಲ್ಲಿ ವಸ್ತು ಯಾವುದು? 0. ಆಮೇಲೆ ರೀಡರ್ಸ್ ಒಳಗೆ ಗ್ಲೋಬಲ್ ಕೆಟ್ಟ_ಸಾಲು, ಕೆಟ್ಟ_ಸಾಲು += 1 ಅಂದರೆ 0 ಬದಲಾಗಿ 1 ಆಗುವುದಿಲ್ಲ. ಸಂಖ್ಯೆ ಬದಲಾಗುವ ವಸ್ತುವಲ್ಲ. ರೀಡರ್ಸ್ ತನ್ನ ಚೀಟಿಯನ್ನು ಕಿತ್ತು 1ಕ್ಕೆ ಅಂಟಿಸಿಕೊಳ್ಳುತ್ತದೆ. ನಿಮ್ಮ ಚೀಟಿ 0 ಮೇಲೇ ಉಳಿಯುತ್ತದೆ, ಅದನ್ನು ಯಾರೂ ಮುಟ್ಟಿಲ್ಲ.

"ಹಾಗಾದರೆ ಹ್ಯಾಂಡ್ಲರ್ಸ್ ಕೂಡ ಫ್ರಮ್ ಹಾಕಿಯೇ ತಂದಿದ್ದೆ, ಅದೂ ಕೆಲಸ ಮಾಡಬಾರದಲ್ಲ" ಅಂತ ಕೇಳುತ್ತೀರಿ. ಮಾಡುತ್ತದೆ. ಅಲ್ಲಿ ಯಾರೂ ಚೀಟಿ ಕೀಳುವುದಿಲ್ಲ, ಇರುವ ಡಿಕ್ಷನರಿಯ ಒಳಗೇ ತುಂಬುತ್ತಾರೆ. ರಿಜಿಸ್ಟ್ರಿ.ಪೈ ಮಾಡಿದ ಮೇಲೂ ಇದು ನೆನಪಿರಲಿ: ಯಾರಾದರೂ ಅಲ್ಲಿ ಹ್ಯಾಂಡ್ಲರ್ಸ್ = {} ಅಂತ ಹೊಸದಾಗಿ ಬರೆಯುವ "ರೀಸೆಟ್" ಫಂಕ್ಷನ್ ಸೇರಿಸಿದರೆ ಫ್ರಮ್ ಹಾಕಿ ತಂದವರೆಲ್ಲರ ಹತ್ತಿರ ಹಳೇ ಡಿಕ್ಷನರಿ ಉಳಿಯುತ್ತದೆ. ಹ್ಯಾಂಡ್ಲರ್ಸ್.ಕ್ಲಿಯರ್() ಅನ್ನಬೇಕು.

ನಿಮಗೆ ಪರಿಹಾರ ಸುಲಭ. ಇಂಪೋರ್ಟ್ ರೀಡರ್ಸ್ ಅಂತ ಮಾತ್ರ ಇಟ್ಟು, ಬೇಕಾದಾಗ ರೀಡರ್ಸ್.ಕೆಟ್ಟ_ಸಾಲು ಅಂತ ಕೇಳಿ. ಆಗ ಪ್ರತಿ ಸಲ ಮಾಡ್ಯೂಲಿನ ಒಳಹೊಕ್ಕು ಈಗಿನ ಚೀಟಿ ಎಲ್ಲಿದೆ ನೋಡುತ್ತದೆ. ಜಾವಾಸ್ಕ್ರಿಪ್ಟಿನಿಂದ ಬಂದವರು ಇಲ್ಲಿ ಎಡವುವುದು ಜಾಸ್ತಿ. ಅಲ್ಲಿನ ಇಎಸ್ ಮಾಡ್ಯೂಲ್‌ಗಳಲ್ಲಿ ಹೆಸರು ಹಿಡಿದು ಇಂಪೋರ್ಟ್ ಮಾಡಿದರೂ ಅದು ಮೂಲದ ಚೀಟಿಯನ್ನೇ ತೋರಿಸುತ್ತಿರುತ್ತದೆ, ಅಲ್ಲಿ ಬದಲಾದರೆ ಇಲ್ಲೂ ಕಾಣುತ್ತದೆ. ಪೈಥಾನ್ ಆ ಸಂಬಂಧ ಇಟ್ಟುಕೊಳ್ಳುವುದಿಲ್ಲ.

ಒಂದು ಫೈಲು ಎರಡು ಮಾಡ್ಯೂಲ್ ವಿಷಯಕ್ಕೆ ನನ್ನದೂ ಒಂದು ಸೇರಿಸಿ. ಇದು __ಮೇನ್__ ಇಲ್ಲದೆಯೂ ಆಗುತ್ತದೆ. ಹಿಂದೆ ನಾನಿದ್ದ ಒಂದು ತಂಡದಲ್ಲಿ ಸಿಸ್.ಪಾಥ್‌ಗೆ (ಪೈಥಾನ್ ಮಾಡ್ಯೂಲ್ ಹುಡುಕುವ ಫೋಲ್ಡರುಗಳ ಪಟ್ಟಿ) ಯಾರೋ ಪ್ರಾಜೆಕ್ಟಿನ ಫೋಲ್ಡರನ್ನೂ ಸೇರಿಸಿದ್ದರು, ಅದರೊಳಗಿನ ಆಪ್ ಫೋಲ್ಡರನ್ನೂ ಸೇರಿಸಿದ್ದರು. ಅರ್ಧ ಜನ ಆಪ್.ಡಿಬಿ ಅಂತ ಇಂಪೋರ್ಟ್ ಮಾಡುವುದು, ಅರ್ಧ ಜನ ಬರೀ ಡಿಬಿ ಅಂತ. ಎರಡೂ ಸಿಗುತ್ತದೆ, ಎರಡೂ ಓಡುತ್ತದೆ. ಡಿಬಿ.ಪೈ ಒಳಗೆ ಡೇಟಾಬೇಸ್ ಕನೆಕ್ಷನ್ ಪೂಲ್ (ತೆರೆದಿಟ್ಟು ಮತ್ತೆ ಮತ್ತೆ ಬಳಸುವ ಕನೆಕ್ಷನ್ನುಗಳ ಗುಂಪು) ಇತ್ತು. ಹತ್ತು ಕನೆಕ್ಷನ್ ಅಂತ ಮಿತಿ ಹಾಕಿದ್ದರೂ ಇಪ್ಪತ್ತು ತೆರೆದುಕೊಳ್ಳುತ್ತಿತ್ತು. ಸರಿಯಾಗಿ ಎರಡರಷ್ಟು! ಯಾವುದಾದರೂ ಲೆಕ್ಕ ಸರಿಯಾಗಿ ಎರಡರಷ್ಟು ಬಂದರೆ ಈಗ ನಾನು ಮೊದಲು ಸಿಸ್.ಮಾಡ್ಯೂಲ್ಸ್ ತೆರೆದು ನೋಡುತ್ತೇನೆ.

ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೆ ಓಡಿಸುವ ನೋಡ್ ಕೂಡ ಇದರಿಂದ ಹೊರತಲ್ಲ. ಅದರ ರಿಕ್ವೈರ್ (ಅಲ್ಲಿನ ಇಂಪೋರ್ಟ್) ಒಮ್ಮೆ ಲೋಡ್ ಆದದ್ದನ್ನು ನೆನಪಿಟ್ಟುಕೊಳ್ಳುವುದು ಫೈಲಿನ ಪಾಥ್ ಮೇಲೆ, ಹೆಸರಿನ ಮೇಲಲ್ಲ. ಆದರೂ ದೊಡ್ಡಕ್ಷರ ಚಿಕ್ಕಕ್ಷರ ಭೇದವಿಲ್ಲದ ಫೈಲ್ ಸಿಸ್ಟಮ್ಮಿನಲ್ಲಿ ಒಂದೇ ಫೈಲನ್ನು ಒಬ್ಬರು ಚಿಕ್ಕಕ್ಷರದಲ್ಲಿ, ಇನ್ನೊಬ್ಬರು ದೊಡ್ಡಕ್ಷರದಲ್ಲಿ ಕೇಳಿದರೆ ಎರಡು ಪ್ರತಿ ಬರುತ್ತವೆ. ಅದರ ಕೈಪಿಡಿಯಲ್ಲೇ ಈ ಎಚ್ಚರಿಕೆ ಇದೆ.

ಪ್ರಶ್ನೆ ಕೇಳಿದವನು

ರಿಜಿಸ್ಟ್ರಿ.ಪೈ ಮಾಡಿದೆ. "ಮೇನ್ ಶುರು" ಒಂದೇ ಸಲ, ಹ್ಯಾಂಡ್ಲರ್ಸ್ 3, ಇಸ್‌ಇನ್‌ಸ್ಟೆನ್ಸ್ ಟ್ರೂ. ಕೆಟ್ಟ_ಸಾಲು 7 ಅಂತ ತೋರಿಸಿದಾಗ ಎದ್ದು ಕುಣಿಯುವುದೊಂದು ಬಾಕಿ. ಹೌದು, ವೇರಿಯಬಲ್ ಹೆಸರು ನಿಜವಾಗಿಯೂ ಕನ್ನಡದಲ್ಲೇ ಇದೆ, ದಿನಸಾರ ಕ್ಲಾಸ್ ಕೂಡ. ಟೈಪ್ ಮಾಡುವಾಗ ಕೀಬೋರ್ಡ್ ಬದಲಿಸಿ ಬದಲಿಸಿ ಬೆರಳು ನೋಯುತ್ತದೆ ಅನ್ನುವುದು ಬಿಟ್ಟರೆ ತೊಂದರೆಯಿಲ್ಲ.

ಟೆಸ್ಟಿನ ಎರಡು ಸಾಲನ್ನು ಹಳೇ ಕೋಡಿನಲ್ಲಿ ಅದಲು ಬದಲು ಮಾಡಿಯೂ ನೋಡಿದೆ. ತಕ್ಷಣ ಕೆಂಪು. ಇಷ್ಟು ದಿನ ನಂಬಿಕೊಂಡು ಕೂತಿದ್ದ ಹಸಿರು ಟಿಕ್ ಬರೀ ಎರಡು ಸಾಲಿನ ಕ್ರಮದ ಮೇಲೆ ನಿಂತಿತ್ತು!

ಆದರೆ ಒಂದು ಬಾಲ ಉಳಿದಿದೆ. ದಿನಸಾರಗಳನ್ನು ಹೋದ ತಿಂಗಳಿಂದ ಪಿಕಲ್ ಮಾಡಿ (ಅಂದರೆ ಮತ್ತೆ ತೆರೆಯಲು ಬರುವ ಹಾಗೆ ಬೈಟುಗಳಾಗಿಸಿ) ಫೈಲಿಗೆ ಇಡುತ್ತಾ ಬಂದಿದ್ದೇನೆ, ದಿನಕ್ಕೊಂದು. ಈಗ ರನ್.ಪೈ ಮೂಲಕ ಓಡಿಸಿ ಅವನ್ನು ತೆರೆಯಲು ಹೋದರೆ ಆಟ್ರಿಬ್ಯೂಟ್‌ಎರರ್: __ಮೇನ್__ ಮಾಡ್ಯೂಲಿನಲ್ಲಿ ದಿನಸಾರ ಸಿಗುತ್ತಿಲ್ಲ ಅಂತೆ. ದಿನಸಾರ ಈಗಲೂ ಮೇನ್.ಪೈನಲ್ಲೇ ಇದೆ, ಅದನ್ನು ನಾನು ಎಲ್ಲೂ ಸಾಗಿಸಿಲ್ಲ.

ಎರಡನೇ ಉತ್ತರ ಬರೆದವರು

ಇದೂ ಅದೇ ಹಾಜರಿ ಪುಸ್ತಕದ ಲೆಕ್ಕ. ಪಿಕಲ್ ಕ್ಲಾಸಿನ ಕೋಡನ್ನು ಫೈಲಿಗೆ ಬರೆಯುವುದಿಲ್ಲ, "ಇಂಥ ಮಾಡ್ಯೂಲಿನ ಇಂಥ ಹೆಸರು" ಅಂತ ವಿಳಾಸ ಮಾತ್ರ ಬರೆಯುತ್ತದೆ. ಹೋದ ತಿಂಗಳು ಮೇನ್.ಪೈ ನೇರ ಓಡುತ್ತಿತ್ತು, ಅದರೊಳಗೇ ದಿನಸಾರ ತಯಾರಾಗುತ್ತಿತ್ತು, ಹಾಗಾಗಿ ವಿಳಾಸ __ಮೇನ್__.ದಿನಸಾರ. ಇವತ್ತು __ಮೇನ್__ ಅಂದರೆ ರನ್.ಪೈ. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ.

ರನ್.ಪೈ ಮೇಲ್ಭಾಗದಲ್ಲಿ ಫ್ರಮ್ ಮೇನ್ ಇಂಪೋರ್ಟ್ ದಿನಸಾರ ಅಂತ ಒಂದು ಸಾಲು ಸೇರಿಸಿ. ಆಗ __ಮೇನ್__ನಲ್ಲಿ ಆ ಹೆಸರು ಸಿಗುತ್ತದೆ, ಹಳೇ ಫೈಲು ತೆರೆಯುತ್ತವೆ. ತೆರೆದವನ್ನೆಲ್ಲ ಒಮ್ಮೆ ವಾಪಸು ಪಿಕಲ್ ಮಾಡಿ ಇಡಿ. ಕ್ಲಾಸ್ ಈಗ ಹುಟ್ಟಿದ್ದು ಮೇನ್ ಹೆಸರಿನಲ್ಲಿ ಆದ್ದರಿಂದ ಹೊಸ ಫೈಲಿನಲ್ಲಿ ವಿಳಾಸ ಮೇನ್.ದಿನಸಾರ ಆಗಿರುತ್ತದೆ. ಅದಾದ ಮೇಲೆ ಆ ಸಾಲು ತೆಗೆಯಿರಿ. ಹಳೆಯವನ್ನು ಅಳಿಸುವ ಮುಂಚೆ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವನು

31 ಫೈಲೂ ತೆರೆಯಿತು, 31ನ್ನೂ ಹೊಸದಾಗಿ ಬರೆದಿಟ್ಟೆ, ಆ ಸಾಲು ತೆಗೆದು ಮತ್ತೆ ಓಡಿಸಿದರೂ ತೆರೆಯುತ್ತಿವೆ. ಹಳೆಯವು ಪೆನ್ ಡ್ರೈವಿನಲ್ಲಿವೆ. ಮೊದಲ ಉತ್ತರ ಬರೆದವರಲ್ಲಿ ಕ್ಷಮೆ ಇರಲಿ, ಎತ್ತಿನ ಮಾತು ಆಡಬಾರದಿತ್ತು. ಈಗ ಮಲಗುತ್ತೇನೆ.